ತಿದಿ

ದಿನಕ್ಕೆ ನಲವತ್ತು ಸಲ ನಾನು ಹೇಳುವ ಮಾತು ಒಂದೇ:
ಊದಿ. ಇನ್ನೂ ಊದಿ. ಬಿಡಬೇಡಿ, ಬಿಡಬೇಡಿ, ಊದಿ.
ಮೆಗ್ಗಾನ್ ಆಸ್ಪತ್ರೆ, ಎಕ್ಸ್‌ರೇ ದಾಟಿ ಎಡಕ್ಕೆ, ಹದಿನಾಲ್ಕನೇ ಕೋಣೆ.
ಕಿಟಕಿ ಮುಚ್ಚಿದ್ದಾಗಲೇ ಬಣ್ಣ ಬಳಿದುಬಿಟ್ಟಿದ್ದಾರೆ,
ಅಂದಿನಿಂದ ಅದು ತೆರೆದಿಲ್ಲ.

ಮಂಗಳವಾರ ರಿಪ್ಪನ್‌ಪೇಟೆ ಬಸ್ಸಿಳಿದು ಬಂದವರು ಕಾಳಿಕಮ್ಮ.
ಮೆಟ್ಟಿಲಿರುವುದು ಮೂರೇ. ಒಂದೊಂದಕ್ಕೂ ನಿಂತು
ಗೋಡೆಯ ಮೇಲಿನ ಕ್ಷಯದ ಪೋಸ್ಟರನ್ನು ಓದುತ್ತಿದ್ದರು.
ಓದು ಬಾರದೆಂಬುದು ಹೆಬ್ಬೆಟ್ಟು ಒತ್ತುವಾಗ ತಿಳಿಯಿತು.

ಅರ್ಜಿಯ ನಾಲ್ಕನೇ ಸಾಲು: ಬೀಡಿ, ಸಿಗರೇಟು?
ಕೇಳಲೇಬೇಕು, ಕೇಳಿದೆ.
ನಕ್ಕರು. ನಗು ಅರ್ಧಕ್ಕೇ ಕೆಮ್ಮಾಯಿತು.
ನಾನು ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ.
"ಬೀಡಿ ಹಚ್ಚೋಕೆ ಊರೋರೆಲ್ಲ ನಮ್ಮ ಕೆಂಡಕ್ಕೇ ಬರ್ತಿದ್ರು, ತಮ್ಮಾ.
ಇಕ್ಕಳದಲ್ಲಿ ಹಿಡಿದು ಕೊಟ್ಟಿದೀನಿ. ಸೇದಿಲ್ಲ."

ಇಲ್ಲ, ಎಂದು ಬರೆದೆ.
ಯಜಮಾನರು? ಅವರೂ ಇಲ್ಲ.
ಮುಂದಿನ ಚೌಕ: ದಿನಕ್ಕೆಷ್ಟು, ಎಷ್ಟು ವರ್ಷ, ಗುಣಿಸಿ.
ಸೊನ್ನೆ.
ಸೊನ್ನೆಯ ಕೆಳಗೆ ಜಾಗವಿಟ್ಟಿಲ್ಲ ಅಚ್ಚು ಹಾಕಿದವರು,
ಮೂವತ್ತೆಂಟು ವರ್ಷ ಕುಲುಮೆಯ ಮಗ್ಗುಲಲ್ಲಿ ಕೂತು
ಒಬ್ಬ ಹೆಂಗಸು ತಿದಿ ಒತ್ತಿದ್ದನ್ನು ಬರೆಯಲು.
ಅಂಚಿನಲ್ಲಿ ಅಡ್ಡಡ್ಡ ಗೀಚಿದೆ. ಡಾಕ್ಟರು ಓದುತ್ತಾರೋ, ಗೊತ್ತಿಲ್ಲ.

"ಪಂಪು ಅಕ್ಕಿಡಬ್ಬಿ ಹಿಂದೆ ಇಟ್ಟಿರ್ತೀನಿ.
ಕದ್ದು ಸೇದ್ತಿದ್ದಳೇನೋ ಅಂತಾರೆ ಸಂಘದ ಹೆಂಗಸರು."
ಅಂದವರ ಹೆಸರನ್ನೂ ಹೇಳಿದರು. ನಾನು ಕೇಳಿರಲಿಲ್ಲ.

ಕೊಳವೆ ಕೊಟ್ಟೆ. ಮೂಗಿಗೆ ಕ್ಲಿಪ್ಪು.
ಊದಿ, ಅಂದೆ. ಊದಿದರು, ಎರಡೇ ಸೆಕೆಂಡು. ಯಂತ್ರ ಕೀಂ ಎಂದಿತು.
ಪೂರಾ ಖಾಲಿ ಮಾಡಬೇಕಮ್ಮಾ, ತಳ ಮುಟ್ಟಬೇಕು.
"ತಳ ಮುಟ್ಟಿಸಬಾರದು!
ಅತ್ತೆ ಮೊದಲು ಕಲಿಸಿದ್ದೇ ಅದು.
ಕಾಲುಭಾಗ ಒಳಗಿಟ್ಟುಕೊಂಡೇ ಮತ್ತೆ ಎತ್ತಬೇಕು,
ಇಲ್ಲಾಂದ್ರೆ ಬೂದಿ ಹಾರುತ್ತೆ, ಕಬ್ಬಿಣ ತಣ್ಣಗಾಗುತ್ತೆ."
ಇಲ್ಲಿ ಹಾಗಲ್ಲ. ಇಲ್ಲಿ ಖಾಲಿ ಮಾಡಬೇಕು.
"ಇಲ್ಲಿ ಕಬ್ಬಿಣ ಎಲ್ಲಿದೆ?"

ನಾಲ್ಕನೆಯ ಸಲಕ್ಕೆ ಗೆರೆ ಬಂತು.
ಇಳಿಜಾರಿನಂತೆ ನೇರ ಇಳಿಯಬೇಕಾದದ್ದು
ಥಟ್ಟನೆ ಕುಸಿದು, ಒಳಬಾಗಿ, ತೆವಳಿತ್ತು.
ಪರದೆಗೆ ಮುಖ ತಂದು ನೋಡಿದರು:
"ಕುಡುಗೋಲು. ಬಾಗು ಜಾಸ್ತಿಯಾಗಿದೆ.
ನಮ್ಮೋರು ಬಡಿದಿದ್ರೆ ಹಿಂಗಿರ್ತಿರಲಿಲ್ಲ."

ಆಮೇಲೆ, ಸೆರಗಿನಲ್ಲಿ ಬಾಯೊರೆಸಿಕೊಂಡು,
ನನಗೆ ಎರಡು ವರ್ಷ ಕೋರ್ಸಿನಲ್ಲಿ ಅರ್ಥವಾಗದ್ದನ್ನು ಹೇಳಿದರು:
"ಒಳಗೆ ಹೋಗೋದು ಹೋಗುತ್ತೆ. ವಾಪಸು ಬರಲ್ಲ.
ತಿದಿ ಒಳಗೊಂದು ಚರ್ಮದ ನಾಲಿಗೆ ಇರುತ್ತೆ, ತಮ್ಮಾ,
ಅದು ಸೆಟೆದ್ರೆ ಗಾಳಿ ಅಲ್ಲೇ ಸಿಕ್ಕಿಬೀಳುತ್ತೆ.
ಹರಳೆಣ್ಣೆ ಸವರ್ತಿದ್ವಿ."
ಪಂಪು ತೋರಿಸಿ, ಅದೇ ಎಣ್ಣೆ ಇದು, ಅಂದೆ.
ಅಕ್ಕಿಡಬ್ಬಿ ಹಿಂದೆ ಬೇಡ. ಕೈಗೆ ಸಿಗೋ ಕಡೆ ಇಡಿ.
"ಸರಿ ಹೋಗುತ್ತಾ?"
ಸರಿ ಹೋಗಲ್ಲ. ನಡೀತದೆ.
ತಲೆಯಾಡಿಸಿದರು, ದರ ಒಪ್ಪಿಕೊಂಡವರಂತೆ.
"ಹಳೇ ತಿದಿಗೂ ಅದೇ ಮಾತು."

ಹೊರಡುವಾಗ ಕಿಟಕಿಯ ಬಳಿ ನಿಂತರು,
ದಣಿವಿಗೆ ಎಂದುಕೊಂಡೆ.
ಚೌಕಟ್ಟಿನ ಸಂದಿಯಲ್ಲಿ ಉಗುರು ಓಡಿಸುತ್ತಿದ್ದರು,
ಬಣ್ಣ ಅಂಟಿದ ಗೆರೆಯುದ್ದಕ್ಕೂ.
"ಸಣ್ಣದೊಂದು ಉಳಿ ಇದ್ರೆ ಐದು ನಿಮಿಷದ ಕೆಲಸ."

ಗುರುವಾರ. ಉಳಿ ತಂದಿದ್ದೇನೆ, ಚೀಲದಲ್ಲಿದೆ.
ಹೊರಗೆ ಹದಿನೇಳು ಮಂದಿ, ಮೊದಲಿನವಳು
ಊದುಬತ್ತಿ ಹೊಸೆಯುವವಳು, ಇಪ್ಪತ್ತೊಂಬತ್ತು.
ನಾಲ್ಕನೇ ಸಾಲನ್ನು ಕೇಳುವ ಮೊದಲೇ
ಅಂಚಿನಲ್ಲಿ ಎಷ್ಟು ಜಾಗವಿದೆ ನೋಡಿಕೊಳ್ಳುತ್ತೇನೆ.