ಸೂಟು ಕಳೆಯದೆ

ಬೆಳಿಗ್ಗೆ ಆರಕ್ಕೆ ತಕ್ಕಡಿ ಇಟ್ಟೆ.
ಮಂಡಿಯದಲ್ಲ, ಅಡುಗೆಮನೆಯದು,
ಪುಟ್ಟಲಿಂಗಿ ಮೈದಾ ತೂಗುವ ಪ್ಲಾಸ್ಟಿಕ್ಕಿನದು.
ಬೋಗುಣಿಯೊಳಗೆ ಬೀಡಾ ಕೂತ, ಮೈ ಮುದುರಿ.
ಎಂಟುನೂರ ಹನ್ನೆರಡು.
ಮೊನ್ನೆ ಎಂಟುನೂರ ನಲವತ್ತು.
ಕ್ಯಾಲೆಂಡರಿನ ಅಮಾವಾಸ್ಯೆಯ ಚೌಕದಲ್ಲಿ ಬರೆದಿಟ್ಟೆ.

ಮೂವತ್ತೊಂದು ವರ್ಷ ಹಾಸನದ ಆಲೂಗಡ್ಡೆ ಮಂಡಿಯಲ್ಲಿ
ತೂಕ ಕೂಗಿದ ಬಾಯಿ ಇದು.
ಮೂಟೆಗೆ ಇಷ್ಟು ಮಣ್ಣು, ಇಷ್ಟು ತೇವ ಅಂತ
ಸೂಟು ಕಳೆದು ಚೀಟಿ ಹರಿದು ಕೊಟ್ಟ ಕೈ.
ಆಗ ಕಿಲೋ ಅನ್ನುವುದು ಎಷ್ಟು ಹಗುರ ಇತ್ತು.
ಈಗ ಇಪ್ಪತ್ತೆಂಟು ಗ್ರಾಮನ್ನು
ಎತ್ತಲಾರದೆ ಕೂತಿದ್ದೇನೆ.

ಬಾಡಿಗೆಗಿದ್ದ ನರ್ಸ್ ಹುಡುಗಿ ಪಂಜರ ಬಿಟ್ಟು ಹೋದಾಗ
ಹೆಸರಿರಲಿಲ್ಲ ಇವಕ್ಕೆ.
ಸದಾ ಮೆಲ್ಲುವವನು ಬೀಡಾ ಆದ,
ಬೆಳ್ಳಗಿದ್ದವನು ಸುಣ್ಣ.
ಬೀಡಾ ಮೆಲ್ಲುವುದು ನಿಂತದ್ದು ಗೌರಿ ಹಬ್ಬದ ಹಿಂದಿನ ವಾರ:
ಹುಲ್ಲಿನ ಎಸಳು ಕಚ್ಚುವುದು, ಬೀಳಿಸುವುದು,
ಗದ್ದದ ಕೆಳಗೆ ಯಾವಾಗಲೂ ಒದ್ದೆ.

ಸಾಲಗಾಮೆ ರಸ್ತೆಯ ಡಾಕ್ಟರ್ ನಫೀಸಾ ಟಾರ್ಚು ಬಿಟ್ಟು ನೋಡಿದರು.
ದವಡೆ ಹಲ್ಲು ಎರಡೂ ಕಡೆಯಿಂದ ಬೆಳೆದು
ನಾಲಿಗೆಯ ಮೇಲೆ ಸೇತುವೆ ಕಟ್ಟಿವೆ.
"ಇವುಗಳ ಹಲ್ಲು ಬೆಳೆಯೋದು ನಿಲ್ಲೋದೇ ಇಲ್ಲ, ಯಜಮಾನ್ರೇ."
ನನ್ನ ಕಟ್ಟಿಸಿದ ಹಲ್ಲಿನ ಸೆಟ್ಟನ್ನು
ನಾಲಿಗೆಯಿಂದ ಮುಟ್ಟಿ ನೋಡಿಕೊಂಡೆ.
ದೇವರ ತಕ್ಕಡಿ ಎಂಥದೋ.

ಉಪವಾಸ ಕೆಡವಬಾರದು, ಅದೇ ಮೊದಲ ಮಾತು.
ನನ್ನ ಹರ್ನಿಯಾದ ಹಿಂದಿನ ರಾತ್ರಿ
ಒಂದು ಗುಟುಕು ನೀರಿಗೆ ಅಂಗಲಾಚಿದ್ದೆ.
ಇವನಿಗೆ ವಾಂತಿ ಅನ್ನುವುದೇ ಗೊತ್ತಿಲ್ಲವಂತೆ;
ಕರುಳು ನಡೆಯುತ್ತಲೇ ಇರಬೇಕು,
ನಿಂತರೆ ನಿಂತಿತು.
ಅದಕ್ಕೇ ರಾತ್ರಿ ಹತ್ತಕ್ಕೆ, ಒಂದಕ್ಕೆ, ನಾಲ್ಕಕ್ಕೆ
ನೆನೆಸಿದ ತಿಂಡಿ ಅರೆದು ಗಂಜಿ ಮಾಡಿ
ಸೂಜಿಯಿಲ್ಲದ ಸಿರಿಂಜಿನಲ್ಲಿ, ಕೆನ್ನೆಯ ಪಕ್ಕದಿಂದ,
ಅರ್ಧರ್ಧ ಎಂಎಲ್ಲು.
ನುಂಗುವವರೆಗೆ ಕಾಯಬೇಕು.
ಅವಸರಪಟ್ಟರೆ ಶ್ವಾಸಕ್ಕೆ ಹೋಗುತ್ತದೆ.
ಮಂಡಿಯಲ್ಲಿ ಯಾರಿಗೂ ಕಾದವನಲ್ಲ ನಾನು.

"ಇಲಿಗೂ ಆಪರೇಸನ್ನಾ?" ಅಂದಳು ತಂಗಿ,
"ಆ ದುಡ್ಡಿಗೆ ಇಂಥವು ಇಪ್ಪತ್ತು ಬತ್ತವೆ ಕಣಣ್ಣ."
ಅಂದವಳೇ
ತನ್ನ ಹಳೇ ಸ್ವೆಟರಿನ ತೋಳು ಕತ್ತರಿಸಿ
ಬುಟ್ಟಿಗೆ ಹಾಸಿದಳು.
ಇನ್ನೊಂದು ತೋಳು ಬಿಸಿನೀರಿನ ಬಾಟಲಿಗೆ:
ಅರಿವಳಿಕೆಯಲ್ಲಿ ಮೈ ಬೇಗ ತಣ್ಣಗಾಗುತ್ತದಂತೆ.

ಸುಣ್ಣನನ್ನೂ ಕರೆತನ್ನಿ ಅಂದಿದ್ದರು ಡಾಕ್ಟರು,
ಎಚ್ಚರಾದಾಗ ಗುರುತಿನ ವಾಸನೆ ಬೇಕು.
ನನಗೆ ಎಚ್ಚರಾದಾಗ ಯಾರಿದ್ದರು?
ಡ್ರಿಪ್ಪಿನ ಕಂಬ ಇತ್ತು.

ಫಾರಮ್ಮಿನಲ್ಲಿ ನಾಯಿ, ಬೆಕ್ಕು, ದನ, ಇತರೆ.
ಇತರೆಗೆ ಗುರುತು ಹಾಕಿ ಗಿನಿಪಿಗ್ ಅಂತ ಬರೆದೆ.
"ಅರಿವಳಿಕೆಯಿಂದ ಪ್ರಾಣಾಪಾಯ ಸಂಭವಿಸಿದಲ್ಲಿ..."
ಸಾಲು ಓದಿ ಮುಗಿಸದೆ ಸಹಿ ಮಾಡಿದೆ,
ರೈತರು ನನ್ನ ಚೀಟಿಗೆ ಮಾಡುತ್ತಿದ್ದ ಹಾಗೆ.

ಮದ್ದಿನ ಲೆಕ್ಕ ತೂಕದ ಮೇಲೆ.
"ಎಂಟುನೂರ ಎರಡು," ಅಂದಳು ಸಿಸ್ಟರು.
ಹನ್ನೆರಡು, ಅಂದೆ.
"ಏನಂದ್ರಿ?"
ಎಂಟುನೂರ ಹನ್ನೆರಡು, ಇನ್ನೊಂದು ಸಲ ಇಡಿ ತಾಯಿ.
ಇಟ್ಟಳು. ಮುಳ್ಳಿಲ್ಲದ ತಕ್ಕಡಿ, ಬರೀ ಅಂಕಿ.
ಹನ್ನೆರಡೇ.
ಕೆನ್ನೆಯಲ್ಲಿ ಹುಲ್ಲು ಉಳಿಯದ ಹಾಗೆ ಬಾಯಿ ತೊಳೆದು
ಒಳಗೆ ಒಯ್ದರು.

ಬೆಂಚಿನ ಮೇಲೆ ನಾನು, ತೊಡೆಯ ಮೇಲೆ ಬುಟ್ಟಿ,
ಬುಟ್ಟಿಯಲ್ಲಿ ಸುಣ್ಣ.
ಆಗ ಹೊಳೆಯಿತು ಸಿಸ್ಟರಿಗೆ ಯಾಕೆ ಕೇಳಿಸಲಿಲ್ಲ ಅಂತ:
ನಾಲ್ಕು ಗಂಟೆಯ ಗಂಜಿಯ ಗಡಿಬಿಡಿಯಲ್ಲಿ
ನನ್ನ ಹಲ್ಲು ಮನೆಯ ಲೋಟದಲ್ಲೇ ಉಳಿದಿದೆ.

ಕೊತ್ತಂಬರಿ ದಂಟು ಕೊಟ್ಟೆ.
ಸುಣ್ಣ ಮೆಲ್ಲತೊಡಗಿದ.
ಬಾಗಿಲು ನೋಡುತ್ತ ನಾನೂ,
ಸುಮ್ಮನೆ, ಬರೀ ವಸಡಿನಲ್ಲಿ.