ಮುಚ್ಚಳ

ಪ್ರಿಂಟು ಒಂದೇ, ಟಾಕೀಸು ಎರಡು.
ಶಿವಮೊಗ್ಗದಲ್ಲಿ ಆರಕ್ಕೆ ಹೊತ್ತಿಕೊಂಡ ಅಮೆರಿಕದ ಯುದ್ಧ
ಭದ್ರಾವತಿಯಲ್ಲಿ ಏಳೂವರೆಗೆ ಹೊತ್ತಿಕೊಳ್ಳಬೇಕು.
ನಡುವೆ ನಾನು, ನನ್ನ ಲೂನಾ,
ಸೈಕಲ್ ಟ್ಯೂಬಿನಲ್ಲಿ ಬಿಗಿದ ರೀಲಿನ ಡಬ್ಬಿಗಳು.

ಒಂದರಲ್ಲಿ ಹೆಲಿಕಾಪ್ಟರು. ಒಂದರಲ್ಲಿ ಉರಿಯುವ ಊರು.
ಕೊನೆಯದರಲ್ಲಿ, ಮನೆಗೆ ಮರಳಿದ ಸಿಪಾಯಿ
ಫ್ರಿಜ್ಜಿನ ಬಾಗಿಲು ತೆರೆದಿಟ್ಟು ಅಳುವುದು.
ಹೊತ್ತವನಿಗೆ ಎಲ್ಲ ಒಂದೇ ತೂಕ.

ಅವತ್ತು ವಿರಾಮದ ನಂತರದ ನಾಲ್ಕು ಡಬ್ಬಿ ಹೇರಿಕೊಂಡು
ಮಾಚೇನಹಳ್ಳಿ ದಾಟುವಾಗ
ಎದುರು ಲಾರಿಯ ಬೆಳಕಿಗೆ ಕಣ್ಣು ಕಟ್ಟಿ ಜಾರಿದೆ.
ಮೊಣಕಾಲು ಕಿತ್ತಿತು. ಮುಚ್ಚಳಗಳು
ರೊಟ್ಟಿಯ ಹಾಗೆ ಉರುಳಿ ಚರಂಡಿಗೆ.
ಕತ್ತಲಲ್ಲಿ ತಡಕಿ, ಸಿಕ್ಕಿದ್ದಕ್ಕೆ ಸಿಕ್ಕಿದ್ದು ಮುಚ್ಚಿದೆ.

ಕ್ಯಾಬಿನ್ನಿನ ಬುಡೇನ್ ಸಾಬರು ನಂಬರು ನೋಡುವವರು,
ಚಿತ್ರ ನೋಡುವವರಲ್ಲ.

ಹೀಗೆ ಆ ರಾತ್ರಿ ವಿರಾಮ ಮುಗಿದದ್ದೇ
ಸಿಪಾಯಿ ಅತ್ತ. ಮಂತ್ರಿಯೊಬ್ಬ ಕನ್ನಡಕ ತೆಗೆದು
ಮೇಜಿನ ಮೇಲಿಟ್ಟು, ತಪ್ಪಾಯಿತೆಂಬಂತೆ ಕಿಟಕಿಯಾಚೆ ನೋಡಿದ.
ಬಾವುಟ ಮಡಚಿದರು, ಅಂಚಿಗೆ ಅಂಚು ಕೂಡಿಸಿ.
ಆಮೇಲೆ ಊರು ಸುಟ್ಟಿತು.
ಎಲ್ಲಕ್ಕೂ ಕೊನೆಗೆ ಹೆಲಿಕಾಪ್ಟರು ಬಂತು:
ನಾಟಿ ಗದ್ದೆಯ ನೀರು ನಡುಗಿತು,
ಸೊಂಟ ನೆಟ್ಟಗೆ ಮಾಡಿದ ಹೆಂಗಸೊಬ್ಬಳು
ಹಣೆಗೆ ಕೆಸರುಗೈ ಅಡ್ಡ ಹಿಡಿದು
ಏನೋ ಕೂಗಿದಳು, ಮೇಲಕ್ಕೆ.
ಅಲ್ಲಿಗೆ ರೀಲು ಮುಗಿದು, ಬರೀ ಬಿಳಿ ಪರದೆ.

ದುಡ್ಡು ವಾಪಸ್ ಕೇಳುತ್ತಾರೆಂದು ನಾನು ಗೇಟಿನ ಹಿಂದೆ ಅಡಗಿದ್ದೆ.
ಫೌಂಡ್ರಿಯ ಹುಡುಗರು ಬೀಡಿ ಹಚ್ಚಿಕೊಂಡು ಹೊರಬಂದರು.
'ಮೊದಲು ಅಳ್ತಾರೆ, ಆಮೇಲೆ ಹೊಡೀತಾರೆ.
ಸರಿಯಾಗೇ ತೆಗ್ದಿದಾನೆ ಕಣೋ,' ಅಂದ ಒಬ್ಬ.

ಬೆಂಚುಗಳಡಿ ಕಡಲೆಸಿಪ್ಪೆ ಗುಡಿಸುತ್ತ ಲೂರ್ದಮ್ಮ ಕೇಳಿದಳು:
'ಆ ಗದ್ದೆಯವಳು ಏನಂದಳೋ?'

ಆ ವಾರ ಹನ್ನೊಂದು ಸಲ ನೋಡಿದ್ದೆ.
ಸಿಪಾಯಿಯ ನಾಯಿಯ ಹೆಸರೂ ಗೊತ್ತಿತ್ತು.
ನೆಟ್ಟಗಿನ ಸಾಲಿನಲ್ಲಿ ಅವಳದು ನಾಲ್ಕನೇ ಡಬ್ಬಿ.
ಐದರಲ್ಲಿ ಇರುತ್ತಿರಲಿಲ್ಲ; ಯಾರೂ ಹುಡುಕುತ್ತಿರಲಿಲ್ಲ.

ಪೊರಕೆಯ ತುದಿಗೆ ಗಲ್ಲ ಊರಿ ತಾನೇ ಹೇಳಿದಳು ಲೂರ್ದಮ್ಮ:
'ನೀರಿನ ಪಾಳಿ ನಂದು ಅಂತಿದ್ಳು ಅನ್ಸುತ್ತೆ.
ಇನ್ನೇನಂತಾಳೆ, ನಾಟಿ ಹೊತ್ತಲ್ಲಿ.'

ಮಾರನೇ ದಿನ ಮುಚ್ಚಳ ಸರಿಮಾಡಿದೆ.
ಸಿಪಾಯಿ ಕೊನೆಗೇ ಅತ್ತ. ಬಾಲ್ಕನಿಯಲ್ಲಿ ಮೂಗು ಒರೆಸಿಕೊಂಡರು.
ಬುಡೇನ್ ಸಾಬರು ಮಾತ್ರ, ಯಾಕೋ,
ನಾಲ್ಕನೇ ರೀಲು ಓಡುವಷ್ಟು ಹೊತ್ತೂ
ಕಿಂಡಿಗೆ ಕಣ್ಣಿಟ್ಟು ನಿಂತಿದ್ದರು.