ತಾಲಾ, ಕೀಲಿ, ಬೀಗ

ಬೀದರಿನ ಚೌಬಾರಾ ಹತ್ತಿರದ ಉರ್ದು ಶಾಲೆ,
ಏಳನೇ ಇಯತ್ತೆ, ಕಡತ ಇಪ್ಪತ್ತೇಳು, ಮುದಸ್ಸಿರ್.
ಕಿವಿಗೆ ಹೆಡ್‌ಫೋನು, ಕೈಯಲ್ಲಿ ಪೆನ್ಸಿಲು,
ಎಡಕ್ಕೆ ಮಾಣಿಕರಾವ ಸರ್ ಕೊಟ್ಟ ಉತ್ತರದ ಪಟ್ಟಿ.

ಹನ್ನೊಂದನೇ ಚಿತ್ರ.
ಮೊದಲು ಫ್ಯಾನಿನ ಸದ್ದು,
ಆಮೇಲೆ ಉಗುಳು ನುಂಗಿದ ಸದ್ದು.
"ತಾಲಾ," ಅಂತಾನೆ. "ಅಲ್ರೀ, ಅಲ್ಲ, ತಡೀರಿ..."
ಹೊರಗೆ ಯಾರೋ ತೊಳೆದ ತಾಟು ಪೇರಿಸುತ್ತಾರೆ.
"ಬಾಗಲಕ್ಕ... ಮಂದಿ ಊರಿಗೆ ಹೋಗಾಗ..."
ಕರೆಂಟು ಹೋದ ಕೋಣೆಯಲ್ಲಿ
ಕಡ್ಡಿಪೆಟ್ಟಿಗೆ ತಡವುವ ಕೈ ಅವನ ನಾಲಿಗೆ.
ಏಳು ಸೆಕೆಂಡು.
"ಕೀಲಿ!"

ಪಟ್ಟಿಯಲ್ಲಿರುವುದು ಬೀಗ.
ಗಡುವು ಐದು ಸೆಕೆಂಡು.
ಸರ್ ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿ ಮುಗಿಸಿದ್ದಾರೆ:
ತಡ. ಮೇಲಾಗಿ, ಕೀಲಿ ಅಂದರೆ ತೆರೆಯುವಂಥದು.

ಎಲ್ಲಿ, ಸರ್?
ಹುಮನಾಬಾದಿನ ನಮ್ಮನೆ ಬಾಗಿಲಿಗೆ
ಅವ್ವ ಜೀವಮಾನವಿಡೀ ಹಾಕಿದ್ದು ಕೀಲಿ,
ಸೊಂಟಕ್ಕೆ ಸಿಕ್ಕಿಸಿದ್ದು ಕೀಲಿಕೈ.
ಬೀಗರು ನಮ್ಮಲ್ಲಿ ಉಣ್ಣಲು ಬರುತ್ತಿದ್ದರು,
ಚಿಲಕಕ್ಕೆ ಜೋತುಬೀಳುತ್ತಿರಲಿಲ್ಲ.

ಹಿಂದಕ್ಕೆ ಒತ್ತಿ ಮತ್ತೆ ಕೇಳುತ್ತೇನೆ.
ಆ ಏಳು ಸೆಕೆಂಡಿನಲ್ಲಿ ಹುಡುಗ
ತನ್ನ ಮನೆಮಾತು ಬಿಟ್ಟು, ಓಣಿ ದಾಟಿ,
ಪುಸ್ತಕದಂಗಡಿಯನ್ನು ತಿರುಗಿಯೂ ನೋಡದೆ
ನಮ್ಮವ್ವನ ಹೊಸ್ತಿಲ ತನಕ ಬಂದಿದ್ದಾನೆ.
ಅದಕ್ಕೆ ಕಾಲಮ್ಮಿಲ್ಲ.

ಒಂದು ಬರೆದೆ. ಅಳಿಸಿದೆ. ಅರ್ಧ ಬರೆದೆ.
ನಿಯಮದಲ್ಲಿ ಅರ್ಧ ಇಲ್ಲ.
ಸರ್‌ಗೂ ನನಗೂ ಅಂಕ ತಾಳೆಯಾಗದಿದ್ದರೆ
ನಾಳೆ ಕೂತು ಚರ್ಚಿಸಬೇಕು, ಚಹಾ ತರಿಸಬೇಕು,
ಆಗಲಿ.

ಮೂವತ್ತು ಚಿತ್ರ ಮುಗಿದ ಮೇಲೆ,
ಮೈಕು ಬಂದ್ ಆಗುವ ಮೊದಲು,
ಹುಡುಗನೇ ಕೇಳುತ್ತಾನೆ, ಸಣ್ಣಗೆ:
"ಟೀಚರ್, ಅದಕ ನೀವ್ ಏನಂತೀರಿ?"